ನೀವಿಲ್ಲದ ಮೇಜಿಗೊಂದು ಪ್ರಸಂಗ: ರೋಲ್‌ಪ್ಲೇ ಆಟಕ್ಕೆ ಅಡ್ವೆಂಚರ್ ಬರೆಯುವುದು ಹೇಗೆ

ಕೆಲವು ವರ್ಷದ ಹಿಂದೆ ಕದ್ರಿಯ ನಮ್ಮ ಬಾಡಿಗೆ ಮನೆಯಲ್ಲಿ, ಊಟದ ಮೇಜಿನ ಸುತ್ತ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು, ಹೊರದೇಶದಿಂದ ತರಿಸಿದ ಒಂದು ದಪ್ಪ ಅಡ್ವೆಂಚರ್ ಪುಸ್ತಕವನ್ನು ಆಡಿಸಲು ಹೊರಟಿದ್ದೆ. ಎರಡನೇ ಭಾನುವಾರಕ್ಕೇ ಆಟ ನಿಂತಿತು. ಕಥೆಯಲ್ಲೊಂದು ಗುಟ್ಟಿನ ಬಾಗಿಲು. ಅದು ಸಿಗದೆ ಮುಂದಿನ ನೂರು ಪುಟಕ್ಕೆ ಹೋಗುವ ಹಾಗಿಲ್ಲ. ಹುಡುಕಲು ಡೈಸ್ ಹಾಕಬೇಕು. ನಾಲ್ವರೂ ಹಾಕಿದರು, ನಾಲ್ವರಿಗೂ ಬೀಳಲಿಲ್ಲ. ನಾನು ಉತ್ತರಕ್ಕಾಗಿ ಪುಟ ಮಗುಚುತ್ತ ಕೂತೆ, ಅವರು ಗೋಳಿಬಜೆ ಖಾಲಿ ಮಾಡಿದರು. ಪುಸ್ತಕದ ಚಿತ್ರಗಳು ಮಾತ್ರ ಬಹಳ ಚಂದ ಇದ್ದವು.

ಆಮೇಲೆ ನಾನೇ ಬರೆಯಲು ಶುರು ಮಾಡಿದೆ. ಕೆಟ್ಟದಾಗಿ ಬರೆದೆ, ತಿದ್ದಿದೆ, ಬೇರೆಯವರ ಕೈಗೆ ಕೊಟ್ಟು ಪೆಟ್ಟು ತಿಂದೆ. ಅಷ್ಟರಿಂದ ಕಲಿತದ್ದನ್ನು ಕ್ರಮವಾಗಿ ಇಲ್ಲಿ ಇಡುತ್ತಿದ್ದೇನೆ.

ಈ ಆಟ ಹೊಸತಾದವರಿಗೆ ಎರಡು ಮಾತು. ಒಬ್ಬರು ಆಟ ನಡೆಸುತ್ತಾರೆ, ಅವರು ಗೇಮ್ ಮಾಸ್ಟರ್. ನಾವು ಜಿಎಂ ಅನ್ನುತ್ತೇವೆ. ಉಳಿದವರು ತಲಾ ಒಂದು ಪಾತ್ರ ಹಿಡಿಯುತ್ತಾರೆ. ಜಿಎಂ ಸನ್ನಿವೇಶ ಹೇಳುತ್ತಾರೆ, ಆಟಗಾರರು ‘ನಾನು ಹೀಗೆ ಮಾಡ್ತೇನೆ’ ಅನ್ನುತ್ತಾರೆ, ಏನಾದೀತು ಎಂಬುದು ಅನುಮಾನವಿದ್ದರೆ ಡೈಸ್ ಉರುಳುತ್ತದೆ. ಜಿಎಂ ಆಡಿಸಲೆಂದು ಇನ್ಯಾರೋ ಬರೆದಿಟ್ಟ ಪುಸ್ತಕವೇ ಅಡ್ವೆಂಚರ್. ಮಾಡ್ಯೂಲ್ ಅಂತಲೂ ಕರೆಯುತ್ತಾರೆ.

ನಮ್ಮ ಕರಾವಳಿಯವರಿಗೆ ತಿಳಿಸಲು ತಾಳಮದ್ದಳೆಗಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಪ್ರಸಂಗದ ಪುಸ್ತಕ ಬಿಡಿಸಿ ನೋಡಿ. ಪದ್ಯಗಳಿವೆ, ಮೇಲೆ ರಾಗ ತಾಳದ ಹೆಸರಿದೆ, ಮಾತಿಲ್ಲ. ಮಾತನ್ನು ಅರ್ಥಧಾರಿಗಳು ಅಲ್ಲೇ ಕೂತು ಕಟ್ಟುತ್ತಾರೆ. ಕೌರವ ಸಂಧಿಗೆ ಒಪ್ಪುವುದಿಲ್ಲ ಅನ್ನುವುದು ಸಭೆಗೆಲ್ಲ ಗೊತ್ತು, ಯಾವ ನ್ಯಾಯ ಹೇಳಿ ಒಪ್ಪುವುದಿಲ್ಲ ಅನ್ನುವುದು ಆ ರಾತ್ರಿಯ ಬಂಡವಾಳ. ನಮ್ಮ ಆಟ ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಕೌರವ ಒಪ್ಪಿಬಿಟ್ಟರೂ ಬಿಟ್ಟಾನು. ಪ್ರಸಂಗ ಬರೆದವರು ಪ್ರತಿ ಆಟಕ್ಕೂ ಬಂದು ಭಾಗವತರ ಕಿವಿಯಲ್ಲಿ ಹೇಳಿಕೊಡುವುದಿಲ್ಲವಷ್ಟೆ? ಅಡ್ವೆಂಚರ್ ಬರೆಯುವವರೂ ಹಾಗೇ. ಮೇಜಿನ ಬಳಿ ನೀವಿರುವುದಿಲ್ಲ. ಸಂಜೆ ಐದಕ್ಕೆ, ನಾಲ್ಕು ಜೊತೆ ಕಣ್ಣು ತನ್ನನ್ನೇ ನೋಡುತ್ತಿರುವಾಗ, ಬೇಕಾದದ್ದನ್ನು ಐದು ಸೆಕೆಂಡಿನಲ್ಲಿ ಹುಡುಕಬೇಕಾದ ಒಬ್ಬ ಜಿಎಂ ಇರುತ್ತಾರೆ. ನೀವು ಬರೆಯುವುದು ಅವರಿಗೆ.

ಇದನ್ನು ಮರೆತ ಪುಸ್ತಕಗಳು ಯಾಕೆ ಇಷ್ಟೊಂದಿವೆ ಅನ್ನುವುದಕ್ಕೆ ಸ್ವಲ್ಪ ಚರಿತ್ರೆ ಇದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಪೆಟ್ಟಿಗೆಯಲ್ಲಿ ನಿಯಮಗಳಿದ್ದವು, ಸಿದ್ಧ ಅಡ್ವೆಂಚರ್ ಇರಲಿಲ್ಲ. ಬಿಡಿಯಾಗಿ ಮಾರಾಟಕ್ಕೆ ಬಂದ ಮೊದಲನೆಯದು 1976ರದು, ಅದೂ ಬೇರೊಂದು ಪುಟ್ಟ ಪ್ರಕಾಶನದ್ದು. ಮೂಲ ಕಂಪೆನಿ ಟಿಎಸ್‌ಆರ್ 1978ರಲ್ಲಿ ತಾನೇ ಮಾಡ್ಯೂಲ್ ಅಚ್ಚು ಹಾಕಿಸತೊಡಗಿದಾಗ, ಮೊದಮೊದಲಿನವು ಆಟಗಾರರ ಸಮ್ಮೇಳನದ ಸ್ಪರ್ಧೆಯಲ್ಲಿ ಆಡಿಸಿದಂಥವು. ಸ್ಪರ್ಧೆ ಅಂದಮೇಲೆ ಹತ್ತಾರು ಮೇಜು, ಎಲ್ಲ ಮೇಜಿಗೂ ಒಂದೇ ಆಟ, ಕೊನೆಗೆ ಅಂಕ. ಜಿಎಂ ಸ್ವಂತ ಮಾತು ಸೇರಿಸಿದರೆ ತೂಕ ತಪ್ಪುತ್ತದೆ. ಹಾಗಾಗಿ ಗಟ್ಟಿಯಾಗಿ ಓದಬೇಕಾದ ಚೌಕಟ್ಟಿನ ಮಾತು, ನಂಬರು ಹಾಕಿದ ಕೋಣೆಗಳು ಇವೆಲ್ಲ ಅಲ್ಲಿಗೆ ಸರಿಯಾಗಿದ್ದವು. ನಮ್ಮ ಮನೆಯ ಮೇಜಿನಲ್ಲಿ ಯಾರೂ ಅಂಕ ಕೊಡುವುದಿಲ್ಲ, ಆದರೆ ಆ ಅಭ್ಯಾಸಗಳನ್ನು ಯಾಕೆಂದು ಕೇಳದೆ ನಕಲು ಮಾಡುತ್ತೇವೆ.

ಮೊದಲನೆಯದು: ಅಳತೆ

ಒಂದೇ ಕೂತಿನಲ್ಲಿ ಮುಗಿಯುವುದನ್ನು ಬರೆಯಿರಿ. ಹನ್ನೆರಡು ಭಾಗದ ಮಹಾಕಥೆಯ ಕನಸು ಎಲ್ಲರಿಗೂ ಇರುತ್ತದೆ, ಅದು ಪೆಟ್ಟಿಗೆಯಲ್ಲಿರಲಿ. ನಮ್ಮ ಗುಂಪಿನಲ್ಲಿ ಇಬ್ಬರು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವವರು. ಎರಡಕ್ಕೆ ಶುರುವಾದರೆ ಆರಕ್ಕೆ ಏಳಲೇಬೇಕು. ಪಾತ್ರ ಹಂಚಿ, ಚಾ ಕುಡಿದು, ಫೋನ್ ಬಂದು ಉಳಿಯುವುದು ಮೂರು ಗಂಟೆ. ಗಂಟೆಗೆ ಎರಡು ಸನ್ನಿವೇಶ ನಮ್ಮ ವೇಗ. ಅಲ್ಲಿಗೆ ಆರು ಸನ್ನಿವೇಶ, ಏಳೆಂಟು ಜಾಗ, ಹೆಸರಿಡಬೇಕಾದ ನಾಲ್ಕೈದು ಮಂದಿ. ಹದಿನಾರು ಪುಟದ ಪುಸ್ತಿಕೆಗೆ ಇಷ್ಟು ಧಾರಾಳ.

ಎರಡನೆಯದು: ಕಥೆ ಬೇಡ, ಪರಿಸ್ಥಿತಿ ಬರೆಯಿರಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನವರು ಜಾರುವುದು ಇಲ್ಲೇ. ‘ಆಟಗಾರರು ಕಾರ್ಖಾನೆಗೆ ಹೋಗುತ್ತಾರೆ, ಅಲ್ಲಿ ಪತ್ರ ಸಿಗುತ್ತದೆ, ಪತ್ರ ಓದಿ ದೋಣಿ ನಿಲ್ಲುವ ಧಕ್ಕೆಗೆ ಹೋಗುತ್ತಾರೆ’ ಎಂದು ಬರೆದರೆ ಅದು ಕಾದಂಬರಿಯ ಟಿಪ್ಪಣಿ. ಆಟಗಾರರು ಮೊದಲೇ ಧಕ್ಕೆಗೆ ಹೋದರೆ ಜಿಎಂ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬರೆಯಬೇಕಾದದ್ದು ಬೇರೆ: ಯಾರಿಗೆ ಏನು ಬೇಕು, ಯಾರು ಏನು ಬಚ್ಚಿಟ್ಟಿದ್ದಾರೆ, ಆಟಗಾರರು ಬಾರದೇ ಇದ್ದರೆ ಎಷ್ಟು ಗಂಟೆಗೆ ಏನಾಗುತ್ತದೆ.

ನನ್ನದೇ ಪುಸ್ತಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹೆಸರು ‘ಕೊನೆಯ ಮಂಜಿ’. ಮಂಜಿ ಅಂದರೆ ಸರಕು ಸಾಗಿಸುವ ದೊಡ್ಡ ಹಾಯಿದೋಣಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರಿನ ನದಿ ದಂಡೆಗಳಲ್ಲಿ ಚಿಮಣಿಗಳು ಸಾಲಾಗಿ ಎದ್ದವಲ್ಲ, ಅಂಥದ್ದೊಂದು ಕಾರ್ಖಾನೆ. ನೇತ್ರಾವತಿಯ ಪಕ್ಕ ಇದೆ ಅಂತ ಇಟ್ಟುಕೊಂಡಿದ್ದೇನೆ, ಪೂರ್ತಿ ನನ್ನ ಕಲ್ಪನೆ. ವರ್ಷ 1936, ಪತ್ತನಾಜೆಯ ರಾತ್ರಿ. ಹೊರಗಿನವರಿಗೆ ಹೇಳುವುದಾದರೆ, ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಮೇ ಕೊನೆಯ ವಾರದ ಹೊತ್ತಿಗೆ ಬೀಳುತ್ತದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವುದು ಅಂದೇ. ಇನ್ನು ಮಳೆ. ಅಳಿವೆ ಬಾಗಿಲಲ್ಲಿ ಕಡಲು ಏಳುತ್ತದೆ, ಹಾಯಿಯ ಮಂಜಿಗಳು ಹೊರಡುವುದಿಲ್ಲ. ಹಂಚು ಹೇರಿದ ಕೊನೆಯ ಮಂಜಿ ಇವತ್ತು ರಾತ್ರಿಯೇ ಹೊರಡಬೇಕು.

ಕಾರ್ಖಾನೆಯಲ್ಲಿ ಕೊನೆಯ ಬಟವಾಡೆಯ ಪೆಟ್ಟಿಗೆ ಕಾಣೆ, ಜೊತೆಗೆ ಮೇಸ್ತ್ರಿಯೂ ಕಾಣೆ. ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರು ‘ಮೇಸ್ತ್ರಿಯೇ ದುಡ್ಡು ಹೊತ್ತುಕೊಂಡು ಓಡಿದ’ ಎಂದು ಸುದ್ದಿ ಹಬ್ಬಿಸಿದ್ದಾನೆ. ಆಟಗಾರರು ಆ ದುಡ್ಡಿಗೆ ಕಾದು ಕೂತ ಕೆಲಸಗಾರರು. ನಿಜ ಏನೆಂದರೆ ಸುಳ್ಳು ಲೆಕ್ಕ ಬರೆದದ್ದು ರೈಟರು. ಅದನ್ನು ಕಂಡುಹಿಡಿದ ಮೇಸ್ತ್ರಿಯನ್ನು ಕೈಕಾಲು ಕಟ್ಟಿ ಆರಿದ ಭಟ್ಟಿಯೊಳಗೆ ಹಾಕಿದ್ದಾನೆ. ಪೆಟ್ಟಿಗೆ ಮಂಜಿಯಲ್ಲಿ ಹಂಚಿನ ಅಡಿಗಿದೆ. ಮಂಜಿ ನಡೆಸುವ ತಾಂಡೇಲನಿಗೆ ತನ್ನ ಮಂಜಿಯಲ್ಲಿ ಏನಿದೆ ಎಂದೇ ತಿಳಿಯದು, ಅವನಿಗೆ ಬೇಕಾದದ್ದು ನೀರಿಳಿತಕ್ಕೆ ಸರಿಯಾಗಿ ಹಗ್ಗ ಬಿಚ್ಚುವುದು. ದೆವ್ವ ಇಲ್ಲ, ನಿಧಿ ಇಲ್ಲ. ಬೇಕಿದ್ದರೆ ನೀವು ಸೇರಿಸಿಕೊಳ್ಳಿ.

ಇನ್ನು ವೇಳಾಪಟ್ಟಿ. ನದಿ ಪಕ್ಕದ ಕಥೆ ಬರೆಯುವವರಿಗೆ ಭರತ ಇಳಿತ ಪುಕ್ಕಟೆ ಸಿಗುವ ಗಡಿಯಾರ. ನೀರು ಏರಲು ಸುಮಾರು ಆರು ಗಂಟೆ, ಇಳಿಯಲು ಸುಮಾರು ಆರು ಗಂಟೆ. ಪುಸ್ತಿಕೆಯ ಎರಡನೇ ಪುಟದಲ್ಲಿ ಇಷ್ಟೇ ಇದೆ (ತೋಡು ಅಂದರೆ ಕಾರ್ಖಾನೆಯ ಅಂಗಳದಿಂದ ನದಿಗೆ ಹೋಗುವ ಕಾಲುವೆ):

ರಾತ್ರಿ 8: ಆಟ ಶುರು. ಕೆಲಸಗಾರರು ಗೇಟಿನ ಮುಂದೆ. ನೀರು ಏರುತ್ತಿದೆ.
11: ತುಂಬು ಭರತ. ತೋಡಿನಲ್ಲಿ ಎದೆಮಟ್ಟ ನೀರು. ರೈಟರು ಒಬ್ಬನೇ ಭಟ್ಟಿ ಕಡೆ ಹೋಗುತ್ತಾನೆ.
1: ತೋಡಿನ ನೀರು ಮೊಣಕಾಲಿಗೆ. ಧಕ್ಕೆಯಿಂದ ಒಳಗೆ ನಡೆದು ಬರಬಹುದು.
3: ಮಂಜಿ ಹೊರಡುತ್ತದೆ. ರೈಟರು ಅದರಲ್ಲಿದ್ದಾನೆ.

ಈ ನಾಲ್ಕು ಸಾಲು ಇದ್ದರೆ ಆಟಗಾರರು ಎಲ್ಲಿಗೆ ಹೋದರೂ ಜಿಎಂಗೆ ಉತ್ತರ ಗೊತ್ತಿರುತ್ತದೆ. ಮೊದಲ ಕರಡಿನಲ್ಲಿ ನಾನು ಇದರ ಬದಲು ಮೂರು ಪುಟ ‘ಹಿನ್ನೆಲೆ’ ಬರೆದಿದ್ದೆ. ರೈಟರ ಬಾಲ್ಯ, ಸಾಲ, ಅವನ ಅಣ್ಣನ ಜೊತೆಗಿನ ಜಗಳ. ಯಾವ ಆಟಗಾರನಿಗೂ ತಿಳಿಯಲು ದಾರಿಯಿಲ್ಲದ ಸಂಗತಿಗಳು. ಆಟದಲ್ಲಿ ಕಾಣಿಸಿಕೊಳ್ಳದ ಹಿನ್ನೆಲೆಯನ್ನು ಕತ್ತರಿಸಿ. ಬರೆದ ನಿಮಗೆ ನೋವಾಗುತ್ತದೆ, ಓದುವ ಜಿಎಂಗೆ ಗೊತ್ತೇ ಆಗುವುದಿಲ್ಲ.

ಮೂರನೆಯದು: ಸುಳಿವು

ಮೊದಲು ಹೇಳಿದ ಗುಟ್ಟಿನ ಬಾಗಿಲಿನ ರೋಗಕ್ಕೆ ಮದ್ದು ಇಲ್ಲಿದೆ. ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಮುಖದ ಡೈಸ್, ಪಾತ್ರದ ಕೌಶಲಕ್ಕೆ 5 ಸೇರಿಸಿ 15 ಮುಟ್ಟಬೇಕು ಅಂತಿಟ್ಟುಕೊಳ್ಳಿ. ಡೈಸಿನಲ್ಲಿ 10 ಅಥವಾ ಮೇಲೆ ಬಿದ್ದರೆ ಆಯಿತು, ಅಂದರೆ ನೂರಕ್ಕೆ 55. ಕಥೆ ಒಂದೇ ಸುಳಿವಿನ ಮೇಲೆ ನಿಂತಿದ್ದರೆ ನೂರು ಮೇಜಿನಲ್ಲಿ 45 ಮೇಜು ಅಲ್ಲೇ ಕೆಟ್ಟು ನಿಲ್ಲುತ್ತವೆ. ಅದೇ ಸಂಗತಿಗೆ ಬೇರೆ ಬೇರೆ ಜಾಗದಲ್ಲಿ ಮೂರು ಸುಳಿವು ಇಟ್ಟರೆ, ಮೂರೂ ತಪ್ಪುವ ಸಾಧ್ಯತೆ 0.45ರ ಘನ, ನೂರಕ್ಕೆ ಒಂಬತ್ತು. ತಿಳಿಯಲೇಬೇಕಾದ ಒಂದೊಂದು ಸಂಗತಿಗೂ ಮೂರು ಸುಳಿವು ಅನ್ನುವ ರೂಢಿ ಈ ಆಟ ಬರೆಯುವವರಲ್ಲಿ ಹರಡಿರುವುದು ಸುಮ್ಮನೆ ಅಲ್ಲ.

ಆದರೂ ಒಂಬತ್ತು ಮೇಜು ಉಳಿದವಲ್ಲ? ಅದಕ್ಕೆ ನಾನು ಮಾಡುವುದು: ಮುಖ್ಯ ಸುಳಿವಿಗೆ ಡೈಸನ್ನೇ ಹಾಕಿಸುವುದಿಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ಪ್ರಶ್ನೆ ಕೇಳಿದವರಿಗೆ ಸುಳಿವು ಸಿಗುತ್ತದೆ. ಡೈಸ್ ಇರುವುದು ಬೆಲೆಗೆ. ಸಣ್ಣ ಸಂಖ್ಯೆ ಬಿದ್ದರೆ ಅರ್ಧ ಗಂಟೆ ಹೆಚ್ಚು ಹಿಡಿಯಿತು, ಅಥವಾ ಸದ್ದಾಯಿತು, ಕಾವಲಿನವನು ಎಚ್ಚರಾದ. ಗಡಿಯಾರ ಮುಂದೆ ಓಡುತ್ತದೆ, ಆಟ ನಿಲ್ಲುವುದಿಲ್ಲ.

ಒಳ್ಳೆಯ ಸುಳಿವು ವಸ್ತುವಿನಿಂದಲೇ ಹುಟ್ಟುತ್ತದೆ, ಪತ್ರ ಡೈರಿಗಳಿಂದ ಅಲ್ಲ. ‘ಕೊನೆಯ ಮಂಜಿ’ಗೆ ಸುಳಿವು ಹುಡುಕುತ್ತಿದ್ದಾಗ ನಾನು ಬಟವಾಡೆಯ ದುಡ್ಡನ್ನು ತೂಗಿ ನೋಡಿದೆ, ಲೆಕ್ಕದಲ್ಲಿ. ಆ ಕಾಲದ ಬೆಳ್ಳಿ ರೂಪಾಯಿ ಒಂದಕ್ಕೆ 11.66 ಗ್ರಾಂ. ಪೆಟ್ಟಿಗೆಯಲ್ಲಿ 3000 ರೂಪಾಯಿ ಇತ್ತೆಂದರೆ ಹತ್ತಿರ ಹತ್ತಿರ 35 ಕೆಜಿ, ಮರದ ಪೆಟ್ಟಿಗೆಯ ಭಾರ ಬೇರೆ. ಬೆನ್ನುನೋವಿನ ಅರವತ್ತರ ಮೇಸ್ತ್ರಿ ಅದನ್ನು ಹೊತ್ತು ‘ಓಡಿದ’ನೇ? ನನ್ನ ಇಡೀ ಕಥೆಯ ಬೀಗದ ಕೈ ಆ ಒಂದು ಗುಣಾಕಾರದಲ್ಲಿ ಸಿಕ್ಕಿತು. ಕಳೆದ ಬಟವಾಡೆಯಲ್ಲಿ ಪೆಟ್ಟಿಗೆ ಎತ್ತಿದ ಇಬ್ಬರು ಹಮಾಲರು ಗೇಟಿನಲ್ಲೇ ಇದ್ದಾರೆ, ಕೇಳಿದರೆ ‘ಇಬ್ಬರಿದ್ದೂ ಉಸ್ಸಪ್ಪ ಅಂದೆವು’ ಎನ್ನುತ್ತಾರೆ. ಆಫೀಸಿನ ನೆಲದಲ್ಲಿ ಎಳೆದ ಗೀರು ಇದೆ. ಮಣ್ಣಿನ ಅಂಗಳದಲ್ಲಿ ಕೈಗಾಡಿಯ ಚಕ್ರದ ಗುರುತು ಧಕ್ಕೆಯ ಕಡೆ ಆಳವಾಗಿ ಹೋಗಿದೆ, ತಿರುಗಿ ಬಂದದ್ದು ಹಗುರವಾಗಿದೆ. ಒಂದೇ ಸಂಗತಿ, ಮೂರು ಜಾಗ, ಎರಡು ಬಗೆ: ಒಂದು ಕೇಳಿ ತಿಳಿಯುವುದು, ಎರಡು ನೋಡಿ ತಿಳಿಯುವುದು. ಆಟಗಾರರಲ್ಲೊಬ್ಬರು ತಾವೇ ‘ಅಷ್ಟು ರೂಪಾಯಿ ಎಷ್ಟು ಭಾರ ಮಾರಾಯ್ರೆ?’ ಅಂತ ಕೇಳಿದರೆ ಅದಕ್ಕಿಂತ ಸಂತೋಷ ಬೇರಿಲ್ಲ. ಒಮ್ಮೆ ಒಬ್ಬರು ಕೇಳಿದರು. ಬ್ಯಾಂಕಿನಲ್ಲಿ ಕ್ಯಾಶ್ ನೋಡಿಕೊಳ್ಳುವವರು.

ನಾಲ್ಕನೆಯದು: ನಕ್ಷೆ

ಹಗ್ಗದ ಹಾಗೆ ಉದ್ದಕ್ಕೆ ಹೋಗುವ ನಕ್ಷೆ ಬೇಡ. ನಾನು ಮೊದಲು ಬಿಡಿಸಿದ್ದು ಹಾಗೇ: ಗೇಟು, ಆಫೀಸು, ಮಣ್ಣಿನ ಅಂಗಳ, ಪ್ರೆಸ್ ಶೆಡ್, ಹಂಚು ಒಣಗಿಸುವ ಅಟ್ಟ, ಭಟ್ಟಿ, ಧಕ್ಕೆ, ಒಂದರ ನಂತರ ಒಂದು. ಅದು ಕ್ಯೂ, ಕಾರ್ಖಾನೆ ಅಲ್ಲ. ಬಂದರಿನ ಗಲ್ಲಿಗಳಲ್ಲಿ ನಡೆದವರಿಗೆ ಗೊತ್ತು, ಒಂದು ಸಂದಿಯಲ್ಲಿ ಲಾರಿ ಅಡ್ಡ ನಿಂತರೆ ಇನ್ನೊಂದು ಸಂದಿ ಇದ್ದೇ ಇದೆ. ಹಾಗಿರಬೇಕು. ಪ್ರತಿ ಜಾಗಕ್ಕೂ ಕನಿಷ್ಠ ಎರಡು ದಾರಿ, ಇಡೀ ಜಾಗಕ್ಕೆ ಕನಿಷ್ಠ ಎರಡು ಪ್ರವೇಶ. ನಾನು ಅಟ್ಟದಿಂದ ಧಕ್ಕೆಗೆ ಹಂಚು ಇಳಿಸುವ ಹಲಗೆಯ ಜಾರು ಹಾಕಿದೆ, ಆಫೀಸಿನ ಹಿಂಬದಿ ಕಿಟಕಿಯನ್ನು ಪ್ರೆಸ್ ಶೆಡ್ಡಿಗೆ ತೆರೆದೆ, ತೋಡನ್ನು ಮಣ್ಣಿನ ಅಂಗಳದಿಂದ ನದಿಗೆ ಬಿಟ್ಟೆ. ಮೂರು ಗೆರೆ ಎಳೆದದ್ದಷ್ಟೆ. ಆಮೇಲೆ ಆಡಿಸಿದ ಯಾವ ಎರಡು ಮೇಜೂ ಒಂದೇ ದಾರಿ ಹಿಡಿಯಲಿಲ್ಲ.

ಈ ಕೆಲಸದಲ್ಲಿ ಹಿರಿಯ ಹೆಸರು ಜೆನೆಲ್ ಜೇಕ್ವೇಸ್. 1970ರ ದಶಕದ ಕೊನೆಯಲ್ಲಿ ಅವರು ಬಿಡಿಸಿದ ನೆಲಮಾಳಿಗೆಗಳಲ್ಲಿ ಹಲವು ಬಾಗಿಲು, ಹಲವು ಮೆಟ್ಟಿಲು, ಸುತ್ತಿ ಬಂದು ಸೇರುವ ದಾರಿಗಳು. ಇವತ್ತಿಗೂ ನಕ್ಷೆ ಬರೆಯುವವರು ಅವನ್ನು ಬಿಡಿಸಿಟ್ಟುಕೊಂಡು ಕಲಿಯುತ್ತಾರೆ.

ಐದನೆಯದು: ಒಂದೊಂದು ಜಾಗವನ್ನು ಬರೆಯುವುದು

ನನ್ನ ಮೊದಲ ಕರಡಿನ ಭಟ್ಟಿ ಹೀಗಿತ್ತು:

‘ಶತಮಾನದ ಮೌನವನ್ನು ಹೊದ್ದು ಮಲಗಿರುವ ಈ ಭಟ್ಟಿಯ ಇಟ್ಟಿಗೆಗಳು ಅದೆಷ್ಟೋ ಬೆವರಿನ ಕಥೆಗಳನ್ನು ಹೇಳುತ್ತವೆ. ಒಳಗೆ ಕಾಲಿಡುತ್ತಿದ್ದಂತೆ ನಿಮ್ಮ ಎದೆ ಢವಢವ ಹೊಡೆದುಕೊಳ್ಳುತ್ತದೆ. ನೀವು ನಿಧಾನವಾಗಿ ಮುಂದೆ ಹೋಗುತ್ತೀರಿ. ಆಗ ಮೂಲೆಯಲ್ಲಿ…’

ಈಗ ಹೀಗಿದೆ:

‘ಭಟ್ಟಿ. ಆರಿ ನಾಲ್ಕು ದಿನ, ಒಳಗೆ ಇನ್ನೂ ಬೆಚ್ಚಗೆ. ಕತ್ತಲು. ಬಾಗಿಲಿಗೆ ಹೊಸದಾಗಿ ಅಡ್ಡ ಪೇರಿಸಿದ ಇಟ್ಟಿಗೆ, ಗಾರೆ ಹಾಕಿಲ್ಲ.
ಕಿವಿಗೊಟ್ಟರೆ: ಒಳಗಿಂದ ನರಳಿಕೆ.
ಇಟ್ಟಿಗೆ ತೆಗೆದರೆ: ಹತ್ತು ನಿಮಿಷ. ಅವಸರ ಮಾಡಿದರೆ ಸದ್ದು, ಕಾವಲಿನವನು ಬರುತ್ತಾನೆ.
ಒಳಗೆ: ಮೇಸ್ತ್ರಿ. ಜೀವ ಇದೆ, ನಡೆಯಲಾರ. ನೀರು ಕೊಟ್ಟರೆ ಮಾತಾಡುತ್ತಾನೆ.
ದಾರಿ: ಪ್ರೆಸ್ ಶೆಡ್ಡಿಗೆ. ಹೊಗೆ ಹೋಗುವ ನೆಲಸುರಂಗದಿಂದ ಚಿಮಣಿ ಬುಡಕ್ಕೆ, ತೆವಳಬೇಕು.’

ಮೊದಲನೆಯದರಲ್ಲಿ ಮೂರು ತಪ್ಪು. ಭಟ್ಟಿಗೆ ನಾಲ್ಕು ದಿನವಾದದ್ದೋ ನೂರು ವರ್ಷವೋ ತಿಳಿಯುವುದಿಲ್ಲ. ಆಟಗಾರರ ಎದೆ ಹೊಡೆದುಕೊಳ್ಳುತ್ತದೆಯೋ ಇಲ್ಲವೋ ಅವರೇ ಹೇಳಬೇಕು, ಅವರ ಕಾಲು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅವರೇ ಹೇಳಬೇಕು. ಮತ್ತು ಮುಖ್ಯ ಮನುಷ್ಯ ಕೊನೆಯ ವಾಕ್ಯದ ಬಾಲದಲ್ಲಿದ್ದಾನೆ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಮೊದಲ ಸಾಲಲ್ಲಿರಲಿ, ಮುಟ್ಟಿದರೆ ತಿಳಿಯುವುದು ಅದರ ಕೆಳಗೆ, ದಾರಿಗಳು ಕೊನೆಗೆ. ಎಲ್ಲ ಜಾಗಕ್ಕೂ ಇದೇ ಕ್ರಮ ಇದ್ದರೆ ಎರಡನೇ ಜಾಗದ ಹೊತ್ತಿಗೆ ಜಿಎಂ ಕಣ್ಣು ತಾನಾಗಿ ಬೇಕಾದಲ್ಲಿಗೆ ಹೋಗುತ್ತದೆ.

ಗಟ್ಟಿಯಾಗಿ ಓದುವ ಮಾತು ಬೇಕೇ ಬೇಕು ಅನಿಸಿದರೆ ಮೂರು ಸಾಲು ಮೀರಬೇಡಿ. ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ಪುಸ್ತಕದ ಕನ್ನಡವನ್ನು ಮೇಜಿನಲ್ಲಿ ಓದಿದರೆ ಆಕಾಶವಾಣಿಯ ವಾರ್ತೆಯಾಗುತ್ತದೆ. ನಮ್ಮ ಮೇಜಿನಲ್ಲಂತೂ ಅರ್ಧ ಮಾತು ತುಳು, ಕಾಲು ಭಾಗ ಇಂಗ್ಲಿಷು. ಉಡುಪಿಯ ಕನ್ನಡದಲ್ಲಿ ಬರೆದರೆ ಧಾರವಾಡದ ಜಿಎಂ ತೊದಲುತ್ತಾರೆ. ನಾನು ಕಂಡುಕೊಂಡ ದಾರಿ: ಪೂರ್ತಿ ವಾಕ್ಯ ಬರೆಯದೆ ತುಂಡು ಮಾತು ಕೊಡುವುದು. ‘ಬೆಚ್ಚಗೆ. ಕತ್ತಲು.’ ಅದನ್ನು ಜಿಎಂ ತನ್ನ ಬಾಯಿಯ ಕನ್ನಡದಲ್ಲಿ ಹೇಳಿಕೊಳ್ಳಲಿ. ಪ್ರಸಂಗದ ಪದ್ಯ ಮಾಡುವುದೂ ಅದನ್ನೇ.

ಇನ್ನೊಂದು ತೊಡಕು ಏಕವಚನ ಬಹುವಚನದ್ದು. ಜಿಎಂಗೆ ಹೇಳುವಾಗ ನಾನು ರೈಟರನ್ನು ‘ಅವನು’ ಎಂದೇ ಬರೆಯುತ್ತೇನೆ, ಆದರೆ ಕೆಲಸಗಾರರು ಅವನ ಎದುರು ‘ರೈಟರ್ರೆ, ನೀವು’ ಅನ್ನದೆ ಬಾಯಿ ತೆರೆಯುವ ಹಾಗಿಲ್ಲ. ಯಾರು ಯಾರನ್ನು ಏನಂತ ಕರೆಯುತ್ತಾರೆ ಎಂಬುದನ್ನು ಪಾತ್ರದ ಪಕ್ಕದಲ್ಲೇ ಬರೆದುಬಿಡಿ. ‘ತಾಂಡೇಲ: ಎಲ್ಲರಿಗೂ ಏಕವಚನ, ರೈಟರಿಗೂ’ ಅಂತ ಒಂದು ಸಾಲು ಬರೆದರೆ ಆ ಮನುಷ್ಯನ ಬಗ್ಗೆ ಅರ್ಧ ಪುಟ ಬರೆಯುವುದು ಉಳಿಯುತ್ತದೆ.

ಆರನೆಯದು: ಮಂದಿ

ಒಬ್ಬೊಬ್ಬರಿಗೂ ಮೂರು ವಿಷಯ ಸಾಕು: ಏನು ಬೇಕು, ಯಾವುದಕ್ಕೆ ಹೆದರುತ್ತಾರೆ, ಮಾತಾಡುವಾಗ ಕೈ ಏನು ಮಾಡುತ್ತದೆ. ಹೆಸರುಗಳು ಮೊದಲ ಅಕ್ಷರದಲ್ಲೇ ಬೇರೆಯಾಗಿರಲಿ. ಸಂಜೀವ, ಸದಾಶಿವ, ಸೋಮಪ್ಪ ಮೂವರನ್ನೂ ಒಂದೇ ಕಥೆಯಲ್ಲಿ ಹಾಕಿ ನಾನು ಒಂದು ಸಂಜೆ ಪೂರ್ತಿ ತಪ್ಪು ಮನುಷ್ಯನನ್ನು ಹಿಡಿಸಿದ್ದೇನೆ.

ನಮ್ಮ ಊರಿನ ಕಥೆ ಬರೆಯುವವರಿಗೆ ಒಂದು ಮಾತು. ದೈವಗಳನ್ನು ತಂದು ರಾಕ್ಷಸರ ಪಟ್ಟಿಗೆ ಸೇರಿಸಿ, ‘ಪ್ರಾಣ 60, ಹೊಡೆತ 12’ ಅಂತ ಅಂಕಿ ಹಾಕಬೇಡಿ. ಪಕ್ಕದ ಮನೆಯವರು ಇವತ್ತಿಗೂ ಕೋಲ ಕೊಡುವ, ನಂಬಿ ನಡೆಯುವ ಶಕ್ತಿ ಅದು, ನಿಮ್ಮ ಆಟಗಾರರು ಕತ್ತಿ ಬೀಸಲು ಇಟ್ಟ ಗೊಂಬೆ ಅಲ್ಲ. ಊರಿನ ಬಣ್ಣ ಬೇಕಿದ್ದರೆ ಮಳೆ, ತೋಡು, ಬಟವಾಡೆ, ಮೇಳ, ಕೆಸರು ಎಷ್ಟು ಬೇಕಾದರೂ ಇದೆ.

ಏಳನೆಯದು: ನಿಯಮ ಮತ್ತು ಪರವಾನಗಿ

ಇದು ಬೇಗ ಮುಗಿಯುವ ವಿಷಯ. ಯಾವ ಆಟದ ನಿಯಮಕ್ಕೆ ಬರೆಯುತ್ತೀರಿ ಎಂಬುದನ್ನು ಮುಖಪುಟದಲ್ಲೇ ಹೇಳಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜು, ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಅದರಲ್ಲಿ ಹೇಳಿದ ಹಾಗೆ ಮೂಲವನ್ನು ನಮೂದಿಸಿದರೆ ಅದನ್ನು ಬಳಸಬಹುದು, ಅನುವಾದಿಸಬಹುದು, ದುಡ್ಡಿಗೂ ಮಾರಬಹುದು. ಆ ದಸ್ತಾವೇಜಿನಲ್ಲಿ ಇಲ್ಲದ ಪ್ರಾಣಿ, ಊರು, ಪಾತ್ರಗಳನ್ನು ಮುಟ್ಟಬೇಡಿ. ಚಿತ್ರಗಳನ್ನಂತೂ ಅಲ್ಲಿಂದ ಇಲ್ಲಿಂದ ಎತ್ತಲೇಬೇಡಿ. ‘ಕೊನೆಯ ಮಂಜಿ’ಗೆ ನಾನು ಯಾವ ಆಟವನ್ನೂ ಕಟ್ಟಿಕೊಳ್ಳಲಿಲ್ಲ. ‘ಸುಲಭ, ಕಷ್ಟ, ಬಹಳ ಕಷ್ಟ’ ಎಂದಷ್ಟೇ ಬರೆದು ಸಂಖ್ಯೆಯನ್ನು ಜಿಎಂಗೆ ಬಿಟ್ಟೆ. ಬಡಿದಾಟ ಕಡಿಮೆ ಇರುವ ಕಥೆಗೆ ಇದು ನಡೆಯುತ್ತದೆ.

ಎಂಟನೆಯದು: ಬಾಯಿ ಮುಚ್ಚಿ ಪರೀಕ್ಷೆ

ನೀವೇ ಆಡಿಸಿ ‘ಚಂದ ಬಂತು’ ಅಂದುಕೊಂಡರೆ ಅದು ಪರೀಕ್ಷೆಯೇ ಅಲ್ಲ. ನಿಮ್ಮ ತಲೆಯಲ್ಲಿರುವುದೆಲ್ಲ ಪುಟದಲ್ಲಿದೆ ಎಂದು ನಿಮಗೆ ಭ್ರಮೆ ಇರುತ್ತದೆ. ನಾಲ್ಕು ಸಲ ಆಡಿಸಿ ಗೆದ್ದ ಮೇಲೆ ನಾನು ಕರಡನ್ನು ಮಣಿಪಾಲದ ಒಬ್ಬ ವಿದ್ಯಾರ್ಥಿಗೆ ಕೊಟ್ಟೆ. ಅವನು ಅವನ ಹಾಸ್ಟೆಲ್ ಗೆಳೆಯರಿಗೆ ಆಡಿಸುವುದು, ನಾನು ಮೂಲೆಯಲ್ಲಿ ಕೂತು ಒಂದು ಮಾತೂ ಆಡದಿರುವುದು ಎಂದು ಒಪ್ಪಂದ.

ಆ ಮೂರು ಗಂಟೆ ನಾನು ಪಟ್ಟ ಪಾಡು ಹೇಳಿ ಪ್ರಯೋಜನವಿಲ್ಲ. ನಲವತ್ತನೇ ನಿಮಿಷಕ್ಕೆ ಒಬ್ಬಳು ‘ತಾಂಡೇಲನ ಹೆಸರೇನು?’ ಎಂದಳು. ಹುಡುಗ ಪುಟ ತಿರುಗಿಸಿದ, ಮತ್ತೆ ತಿರುಗಿಸಿದ. ಹೆಸರು ಮೂರನೇ ಪುಟದಲ್ಲಿ, ತಾಂಡೇಲ ಬರುವುದು ಹನ್ನೊಂದರಲ್ಲಿ. ಕೊನೆಗೆ ‘ಅಣ್ಣ ಅಂತ ಕರಿ’ ಎಂದ. ಇನ್ನೊಂದು ಕಡೆ ನಾನು ‘ಪಶ್ಚಿಮದ ಬಾಗಿಲು’ ಎಂದು ಬರೆದಿದ್ದೆ, ನಕ್ಷೆಯಲ್ಲಿ ದಿಕ್ಕಿನ ಬಾಣವೇ ಇರಲಿಲ್ಲ. ಎರಡೂವರೆ ಗಂಟೆಗೆ ಆಟಗಾರರು ಮಂಜಿಯ ಹಾಯಿಗೆ ಬೆಂಕಿ ಕೊಟ್ಟರು. ನನ್ನ ಕರಡಿನಲ್ಲಿ ‘ಮಂಜಿ ಹೊರಡುವ ಮುನ್ನ ರೈಟರು ತಪ್ಪೊಪ್ಪಿಕೊಳ್ಳುತ್ತಾನೆ’ ಎಂದು ಇಡೀ ಒಂದು ಪುಟದ ಅಂತ್ಯ ಇತ್ತು. ಪಾಪ ಹುಡುಗ, ಉರಿಯುವ ಮಂಜಿಯ ಮೇಲೆ ರೈಟರನ್ನು ನಿಲ್ಲಿಸಿ ಅದನ್ನು ಓದಿಸಿದ. ಎಲ್ಲರೂ ನಕ್ಕರು, ನಾನೂ. ಮನೆಗೆ ಬಂದು ಆ ಪುಟ ಹರಿದೆ. ಈಗ ಅಲ್ಲಿರುವುದು ಮೂರು ಸಾಲು: ಸಿಕ್ಕಿಬಿದ್ದರೆ ರೈಟರು ಏನು ಮಾಡುತ್ತಾನೆ, ತಪ್ಪಿಸಿಕೊಂಡರೆ ಏನು, ಪೆಟ್ಟಿಗೆ ನೀರಿಗೆ ಬಿದ್ದರೆ ಏನು.

ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದದ್ದು ‘ಚಂದ ಇತ್ತು, ಬೋರಾಯಿತು’ ಅಲ್ಲ. ಎಷ್ಟು ಗಂಟೆಗೆ ಯಾವ ಜಾಗ, ಜಿಎಂ ಎಷ್ಟು ಸಲ ಹಿಂದಿನ ಪುಟಕ್ಕೆ ಹೋದರು, ಪುಸ್ತಕದಲ್ಲಿ ಉತ್ತರವಿಲ್ಲದ ಯಾವ ಪ್ರಶ್ನೆ ಬಂತು. ಹಿಂದಕ್ಕೆ ತಿರುಗಿಸಿದ ಪ್ರತಿ ಪುಟವೂ ನಿಮ್ಮ ತಪ್ಪು, ಜಿಎಂದಲ್ಲ. ಇಂಥ ಎರಡು ಪರೀಕ್ಷೆ, ಎರಡು ಬೇರೆ ಗುಂಪಿನಲ್ಲಿ, ಸಾಕು.

ಒಂಬತ್ತನೆಯದು: ಪುಟ ಮತ್ತು ಅಚ್ಚು

ಎ5 ಅಳತೆ ಕೈಗೆ ಹಿತ. ನಾಲ್ಕು ಎ4 ಹಾಳೆಗೆ ಎರಡೂ ಬದಿ ಮುದ್ರಿಸಿ ನಡುವೆ ಮಡಚಿ ಪಿನ್ ಹೊಡೆದರೆ ಹದಿನಾರು ಪುಟ. ಪಿನ್ ಹೊಡೆಯುವ ಪುಸ್ತಿಕೆಯ ಪುಟ ಯಾವಾಗಲೂ ನಾಲ್ಕರ ಮಗ್ಗಿಯಲ್ಲಿರಬೇಕು. ಹದಿನೇಳನೇ ಪುಟಕ್ಕೆ ಒಂದು ಪ್ಯಾರಾ ಹರಿದರೆ ಮೂರು ಖಾಲಿ ಪುಟಕ್ಕೆ ದುಡ್ಡು ಕೊಡುತ್ತೀರಿ. ನಕ್ಷೆಯನ್ನು ನಡುಪುಟಗಳಲ್ಲಿ, ಅಂದರೆ 8 ಮತ್ತು 9ರಲ್ಲಿ ಹಾಕಿ. ಪಿನ್ ಬಿಚ್ಚಿ ಒಂದೇ ಹಾಳೆಯಾಗಿ ಹೊರತೆಗೆದು ಮೇಜಿನ ಮೇಲೆ ಹಾಸಬಹುದು. ವೇಳಾಪಟ್ಟಿ ಮುಖಪುಟದ ಒಳಮೈಗೆ ಬಂದರೆ ಇನ್ನೂ ಒಳ್ಳೆಯದು, ಹುಡುಕುವ ಕೆಲಸವೇ ಇಲ್ಲ.

ಕನ್ನಡದಲ್ಲಿ ಮಾಡುವವರು ಅಕ್ಷರದ ಬಗ್ಗೆ ಹುಷಾರು. ಪೂರ್ತಿ ಯುನಿಕೋಡ್‌ನಲ್ಲೇ ಮಾಡಿ. ಹಂಪನಕಟ್ಟೆಯ ಕಡೆ ನಾನು ಹೋದ ಒಂದು ಅಂಗಡಿಯಲ್ಲಿ ಫೈಲನ್ನು ಹಳೆಯ ಫಾಂಟಿಗೆ ಬದಲಾಯಿಸಿ ಪುಟ ಕಟ್ಟಿದರು. ಅರ್ಕಾವತ್ತುಗಳೆಲ್ಲ ಒಂದು ಮನೆ ಆಚೆ ಹೋಗಿ ಕೂತಿದ್ದವು. ಅದಕ್ಕಿಂತ ದೊಡ್ಡ ಪೆಟ್ಟು ಪಿಡಿಎಫ್‌ನದ್ದು: ಹಳೆಯ ಫಾಂಟಿನ ಪಿಡಿಎಫ್‌ನಲ್ಲಿ ‘ತಾಂಡೇಲ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಒಳಗಿರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಮೊಬೈಲಿನಲ್ಲಿ ಪಿಡಿಎಫ್ ಇಟ್ಟುಕೊಂಡು ಆಟ ನಡೆಸುವ ಜಿಎಂಗೆ ಹುಡುಕುವ ಸೌಲಭ್ಯವೇ ಅರ್ಧ ಪ್ರಾಣ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದಪ್ಪಕ್ಷರ ಜಾಗದ ಹೆಸರಿಗೆ, ಮನುಷ್ಯರ ಹೆಸರಿಗೆ ಮಾತ್ರ. ಬಣ್ಣ ಬೇಡ. ಬಹಳ ಮಂದಿ ಆಫೀಸಿನ ಕಪ್ಪುಬಿಳುಪು ಪ್ರಿಂಟರಿನಲ್ಲಿ ಗುಟ್ಟಾಗಿ ತೆಗೆದುಕೊಳ್ಳುವವರೇ.

ಮಾರಾಟಕ್ಕೆ ಇಚ್.ಐಒ ತರಹದ ತಾಣಗಳಲ್ಲಿ ಪಿಡಿಎಫ್ ಹಾಕಬಹುದು, ಬೆಲೆ ನೀವೇ ಇಡಬಹುದು. ಐಎಸ್‌ಬಿಎನ್ ಬೇಕೆಂದರೆ ನಮ್ಮ ದೇಶದಲ್ಲಿ ಅದಕ್ಕೆ ಶುಲ್ಕವಿಲ್ಲ, ಹದಿನಾರು ಪುಟಕ್ಕೆ ನಾನು ಆ ಗೋಜಿಗೆ ಹೋಗಲಿಲ್ಲ.

ಅಚ್ಚಿಗೆ ಕಳಿಸುವ ಹಿಂದಿನ ರಾತ್ರಿ ಒಂದು ಕೆಲಸ ಬಾಕಿ ಇರುತ್ತದೆ. ಪುಟ ಕಟ್ಟುವಾಗ ಎಲ್ಲವೂ ಅತ್ತಿತ್ತ ಸರಿದಿರುತ್ತದೆ. ‘ಪುಟ ಇಷ್ಟು ನೋಡಿ’ ಎಂದು ಬರೆದ ಪ್ರತಿ ಕಡೆಯೂ ಬೆರಳಿಟ್ಟು, ಆ ಪುಟಕ್ಕೆ ಹೋಗಿ, ಇದೆಯೇ ಎಂದು ನೋಡಿ. ನನ್ನ ಮೊದಲ ಅಚ್ಚಿನಲ್ಲಿ ಎರಡು ಕಡೆ ‘ಪುಟ 00 ನೋಡಿ’ ಎಂದೇ ಉಳಿದಿತ್ತು. ಐವತ್ತು ಪ್ರತಿಯಲ್ಲೂ ನೀಲಿ ಪೆನ್ನಿನಲ್ಲಿ 11 ಎಂದು ತಿದ್ದಿ ಮುಗಿಸುವಾಗ ಬೆಳಗಿನ ಮೂರು ಗಂಟೆ, ಮಂಜಿ ಹೊರಡುವ ಹೊತ್ತು.